ಟೆನೆಸಿಯ ಕಾಡು ಟರ್ಕಿ: 14 ದಿನ ಮುಂದೆ ಹೋದ ಶಿಕಾರಿ, ಅಲ್ಲೇ ಉಳಿದ ಹುಲ್ಲು

ಅಮೆರಿಕದ ಟೆನೆಸಿ ರಾಜ್ಯದ ದಕ್ಷಿಣ ಅಂಚಿನಲ್ಲಿ ವೇಯ್ನ್, ಲಾರೆನ್ಸ್, ಜೈಲ್ಸ್ ಅಂತ ಮೂರು ಕೌಂಟಿಗಳಿವೆ, ನಮ್ಮ ಜಿಲ್ಲೆಗಳ ಹಾಗೆ. ಮೂರೂ ಅಲಬಾಮಾ ಗಡಿಗೆ ಅಂಟಿಕೊಂಡಿವೆ. ಜೈಲ್ಸ್ ಕಡೆ ದನ ಮೇಯುವ ಹುಲ್ಲುಗಾವಲು, ಒಣಹುಲ್ಲಿನ ಹೊಲ ಜಾಸ್ತಿ. ಪಶ್ಚಿಮಕ್ಕೆ ವೇಯ್ನ್ ಕಡೆ ಹೋದಂತೆ ಕಾಡು ಹೆಚ್ಚಾಗುತ್ತದೆ. ಟರ್ಕಿ ಅನ್ನೋ ದೊಡ್ಡ ಕಾಡುಹಕ್ಕಿಯ ಶಿಕಾರಿಗೆ ಈ ಸೀಮೆ ಹೆಸರುವಾಸಿಯಾಗಿತ್ತು. ಆಮೇಲೆ ಹಕ್ಕಿ ಕಮ್ಮಿಯಾಯಿತು ಅಂತ ಶಿಕಾರಿಗಾರರೇ ಹೇಳತೊಡಗಿದರು. ಬೆಳಗಿನ ಜಾವ ಹುಂಜಗಳ ಕೂಗು ಕೇಳುತ್ತಿಲ್ಲ, ಬೇಸಿಗೆಯಲ್ಲಿ ಹೇಂಟೆಗಳ ಹಿಂದೆ ಮರಿಗಳೇ ಕಾಣುತ್ತಿಲ್ಲ ಅನ್ನೋದು ಅವರ ದೂರು.

ಯಾಕೆ ಕಮ್ಮಿಯಾಯಿತು ಅನ್ನೋದಕ್ಕೆ ಊರಿಗೊಂದು ಉತ್ತರ ಇತ್ತು. ಮೊಟ್ಟೆ ತಿನ್ನುವ ರಕೂನ್ ಜಾಸ್ತಿಯಾಗಿವೆ. ತೋಳದ ಜಾತಿಯ ಕಯೋಟೆ ಬಂದಿವೆ. ಕೋಳಿ ಫಾರಂ ಗೊಬ್ಬರ ಹೊಲಕ್ಕೆ ಹಾಕಿ ರೋಗ ಹಬ್ಬಿಸಿದರು. ಶಿಕಾರಿ ತೀರಾ ಬೇಗ ಶುರುವಾಗುತ್ತದೆ. ಹೊಲ, ಕಾಡು ಎರಡೂ ಕೆಟ್ಟಿವೆ. ಕೊನೆಯ ಎರಡು ಉತ್ತರಗಳ ಸುತ್ತ ನಡೆದ ಜಗಳವೇ ಈ ಪ್ರಕರಣ. ಇಲ್ಲಿ ಒಂದು ವಿಶೇಷ ಇದೆ. ಇಂಥ ಜಗಳ ಸಾಮಾನ್ಯವಾಗಿ ಮಾತಿನಲ್ಲೇ ಮುಗಿದುಹೋಗುತ್ತದೆ. ಟೆನೆಸಿಯಲ್ಲಿ ಒಂದು ಕಡೆಯ ವಾದವನ್ನು ನೆಲದ ಮೇಲೆ ಪರೀಕ್ಷೆ ಮಾಡಿ ನೋಡಿದರು.

ಮೊದಲು ಸ್ವಲ್ಪ ಹಿನ್ನೆಲೆ. ಕಾಡು ಟರ್ಕಿ ಅಮೆರಿಕದ್ದೇ ಹಕ್ಕಿ. ಕಾಡು ಕಡಿದಿದ್ದು, ಲಂಗುಲಗಾಮಿಲ್ಲದೆ ಕೊಂದು ಮಾರಿದ್ದು ಎರಡೂ ಸೇರಿ 1930ರ ದಶಕದ ಹೊತ್ತಿಗೆ ಇಡೀ ದೇಶದಲ್ಲಿ ಸುಮಾರು 2 ಲಕ್ಷ ಉಳಿದಿದ್ದವು. 1937ರಲ್ಲಿ ಪಿಟ್‌ಮನ್–ರಾಬರ್ಟ್‌ಸನ್ ಕಾಯ್ದೆ ಬಂತು. ಬಂದೂಕು, ತೋಟಾಗಳ ಮೇಲಿನ ತೆರಿಗೆಯ ದುಡ್ಡು ವನ್ಯಜೀವಿ ಕೆಲಸಕ್ಕೆ ಅಂತ ರಾಜ್ಯಗಳಿಗೆ ಹೋಗತೊಡಗಿತು. ಮೊದಮೊದಲು ಫಾರಂನಲ್ಲಿ ಸಾಕಿದ ಟರ್ಕಿಗಳನ್ನು ಕಾಡಿಗೆ ಬಿಟ್ಟರು. ಅವು ಬದುಕಲಿಲ್ಲ. ನರಿ ಕಂಡರೆ ಓಡಬೇಕು ಅನ್ನೋದನ್ನ ಕಲಿಸಲು ಅವುಗಳಿಗೆ ತಾಯಿ ಇರಲಿಲ್ಲ ನೋಡಿ. 1950ರ ದಶಕದಲ್ಲಿ ಸಿಡಿಮದ್ದಿನ ಬಲದಿಂದ ಹಾರಿ ಬೀಳುವ ಬಲೆ ಬಂತು. ಜೋಳ ಚೆಲ್ಲಿ, ಕಾಡು ಟರ್ಕಿಗಳ ಹಿಂಡು ತಿನ್ನಲು ಬಂದಾಗ ಬಲೆ ಹಾರಿಸಿ ಹಿಡಿಯುವುದು. ಹಿಡಿದದ್ದನ್ನು ಹಕ್ಕಿ ಇಲ್ಲದ ಕಡೆ ಒಯ್ದು ಬಿಡುವುದು. ಇದು ಕೈ ಹಿಡಿಯಿತು. 1973ರಲ್ಲಿ ನ್ಯಾಷನಲ್ ವೈಲ್ಡ್ ಟರ್ಕಿ ಫೆಡರೇಶನ್ ಅನ್ನೋ ಟರ್ಕಿ ಸಂರಕ್ಷಣೆಯ ಸಂಘ ಹುಟ್ಟಿತು. 2000ರ ದಶಕದ ಮಧ್ಯಭಾಗಕ್ಕೆ ದೇಶದಲ್ಲಿ 70 ಲಕ್ಷದ ಹತ್ತಿರ ಹಕ್ಕಿಗಳಾದವು. ಆಮೇಲೆ ಸಂಖ್ಯೆ 60 ಲಕ್ಷದ ಆಸುಪಾಸಿಗೆ ಇಳಿಯಿತು. ಇಳಿಕೆ ಹೆಚ್ಚು ಕಂಡಿದ್ದು ದಕ್ಷಿಣ ಮತ್ತು ಆಗ್ನೇಯದ ರಾಜ್ಯಗಳಲ್ಲಿ.

60 ಲಕ್ಷ ಇರುವ ಹಕ್ಕಿ ಅಳಿವಿನ ಅಂಚಿನಲ್ಲಿ ಇಲ್ಲವೇ ಇಲ್ಲ. ಅದನ್ನು ಮೊದಲೇ ಹೇಳಿಬಿಡಬೇಕು. ಅಲ್ಲಿನವರ ತಲೆನೋವು ಬೇರೆ. ಬೇಸಿಗೆಯಲ್ಲಿ ಒಂದು ಹೇಂಟೆಗೆ ಎಷ್ಟು ಮರಿ ಅಂತ ರಾಜ್ಯಗಳು ಎಣಿಸುತ್ತವೆ. ಹೇಂಟೆಗೆ 2 ಮರಿ ಇದ್ದರೆ ಸಂಖ್ಯೆ ಸರಿದೂಗುತ್ತದೆ ಅನ್ನೋದು ಅವರ ಅಂದಾಜು. ದಕ್ಷಿಣದ ಹಲವು ಕಡೆ ಅದು 2ಕ್ಕಿಂತ ಕೆಳಗೆ ಇಳಿದಿದೆ. ಅಂದರೆ ಮುದಿ ಹಕ್ಕಿಗಳ ಜಾಗ ತುಂಬಲು ಎಳೆಯವು ಸಾಕಷ್ಟು ಬರುತ್ತಿಲ್ಲ.

ಯಜಮಾನ ಹುಂಜನ ವಾದ

ವಸಂತದ ಶಿಕಾರಿ ನಡೆಯುವುದು ಹುಂಜಗಳ ಮೇಲೆ. ಎದೆಯಿಂದ ಗಡ್ಡದ ಹಾಗೆ ಕೂದಲ ಕುಚ್ಚು ಜೋತುಬಿದ್ದ ಹಕ್ಕಿಯನ್ನು ಮಾತ್ರ ಹೊಡೆಯಬಹುದು. ಶಿಕಾರಿಗಾರ ಕತ್ತಲಲ್ಲೇ ಹೋಗಿ ಮರಕ್ಕೆ ಒರಗಿ ಕೂರುತ್ತಾನೆ. ಹುಂಜ ರಾತ್ರಿ ಕೂತ ಮರದಿಂದಲೇ ಗಡಗಡ ಅಂತ ಕೂಗುತ್ತದೆ. ಇವನು ಮರದ ಪೆಟ್ಟಿಗೆ ಉಜ್ಜಿ ಹೇಂಟೆಯ ದನಿ ಹೊರಡಿಸುತ್ತಾನೆ. ಹೇಂಟೆ ಕರೀತಿದೆ ಅಂದುಕೊಂಡು ಹುಂಜ ಹತ್ತಿರ ಬರುತ್ತದೆ, ಬರದೆಯೂ ಇರಬಹುದು. ಈ ಆಟಕ್ಕೇ ಜನ ವರ್ಷವಿಡೀ ಕಾಯುತ್ತಾರೆ. ಟೆನೆಸಿಯಲ್ಲಿ 2003ರಿಂದ ಈಚೆಗೆ ಒಂದೊಂದು ವಸಂತದಲ್ಲಿ 30,000ದಷ್ಟು ಟರ್ಕಿ ಹೊಡೆಯುವುದು ಮಾಮೂಲಾಗಿತ್ತು.

ಹಳೆಯ ಲೆಕ್ಕಾಚಾರ ಸರಳ. ಟರ್ಕಿಗಳಲ್ಲಿ ಒಂದು ಹುಂಜ ಹಲವು ಹೇಂಟೆಗಳ ಜೊತೆ ಕೂಡುತ್ತದೆ. ಗೂಡು, ಮರಿ ಯಾವುದಕ್ಕೂ ಅದು ಕೈ ಹಾಕುವುದಿಲ್ಲ. ಹಾಗಾಗಿ ಒಂದಷ್ಟು ಹುಂಜ ಹೊಡೆದರೆ ಸಂತತಿಗೆ ಪೆಟ್ಟು ಬೀಳುವುದಿಲ್ಲ. ಅದರಲ್ಲೂ ಹೇಂಟೆಗಳು ಕಾವಿಗೆ ಕೂತ ಮೇಲೆ ಶಿಕಾರಿ ಶುರುವಾದರೆ ಇನ್ನೂ ಒಳ್ಳೆಯದು. ಗೂಡಿನಲ್ಲಿ ಕೂತ ಹೇಂಟೆಗೆ ತಪ್ಪಿ ಗುಂಡು ಬೀಳುವ ಅಪಾಯವೂ ಕಮ್ಮಿ. ಹಕ್ಕಿ ಹೆಚ್ಚಾದ ಕಾಲದಲ್ಲಿ ಈ ಎಚ್ಚರಿಕೆ ಸಡಿಲವಾಯಿತು. ದಕ್ಷಿಣದ ರಾಜ್ಯಗಳಲ್ಲಿ ಶಿಕಾರಿ ಮಾರ್ಚ್‌ನಲ್ಲೋ ಏಪ್ರಿಲ್ ಮೊದಲ ವಾರದಲ್ಲೋ ಶುರುವಾಗುವುದು ರೂಢಿಯಾಯಿತು.

ಇದನ್ನು ಪ್ರಶ್ನಿಸಿದವರಲ್ಲಿ ಮುಂದೆ ನಿಂತವರು ಜಾರ್ಜಿಯಾ ವಿಶ್ವವಿದ್ಯಾಲಯದ ಟರ್ಕಿ ಸಂಶೋಧಕ ಮೈಕ್ ಚೇಂಬರ್ಲೇನ್. ಅವರ ವಾದ ಹೀಗಿದೆ. ಹುಂಜಗಳ ನಡುವೆ ಮೇಲುಕೀಳು ಇದೆ. ಯಾರು ಯಜಮಾನ ಅನ್ನೋದು ಚಳಿಗಾಲದಿಂದಲೇ ಕಾದಾಡಿ ತೀರ್ಮಾನವಾಗುತ್ತದೆ. ಹೇಂಟೆಗಳು ಆ ಯಜಮಾನನನ್ನು ನೋಡಿ ಅಳೆದು ಆರಿಸಿಕೊಳ್ಳುತ್ತವೆ. ಶಿಕಾರಿಯ ಮೊದಲ ವಾರದಲ್ಲಿ ಕರೆಗೆ ಮೈಮರೆತು ಬಂದು ಸಾಯುವುದು ಹೆಚ್ಚಾಗಿ ಇಂಥ ಹುಂಜಗಳೇ. ಅವು ಹೋದರೆ ವ್ಯವಸ್ಥೆ ಕಲಸಿಹೋಗುತ್ತದೆ, ಹೇಂಟೆ ಗೂಡು ಕಟ್ಟುವುದು ತಡವಾಗುತ್ತದೆ. ತಡವಾದ ಗೂಡಿನಿಂದ ಮರಿ ಬದುಕುವುದು ಕಷ್ಟ. ಆದ್ದರಿಂದ ಶಿಕಾರಿಯನ್ನು ಒಂದೆರಡು ವಾರ ಮುಂದಕ್ಕೆ ಹಾಕಿ, ಮೊದಲು ಅವು ಕೂಡಲಿ ಅನ್ನೋದು ಸಲಹೆ.

ಈಗಿನ ಶಿಕಾರಿ ಅಜ್ಜನ ಕಾಲದ ಶಿಕಾರಿ ಅಲ್ಲ ಅನ್ನೋದೂ ಈ ವಾದಕ್ಕೆ ಬಲ ಕೊಡುತ್ತದೆ. ಟಂಗ್‌ಸ್ಟನ್ ಚರೆ ಬಂದ ಮೇಲೆ ಮೊದಲು ಎಟುಕದಿದ್ದ ದೂರದಿಂದಲೂ ಹೊಡೆಯಬಹುದು. ಕೆಲವರು ಟರ್ಕಿ ಬಾಲದ ಬೀಸಣಿಗೆಯನ್ನು ಮುಖದ ಮುಂದೆ ಹಿಡಿದು ಬಯಲಲ್ಲಿ ತೆವಳುತ್ತಾರೆ. ತನ್ನ ಜಾಗಕ್ಕೆ ಇನ್ನೊಬ್ಬ ಬಂದ ಅಂತ ಯಜಮಾನ ಹುಂಜ ಸಿಟ್ಟಿನಿಂದ ನುಗ್ಗಿ ಬಂದು ಗುಂಡಿಗೆ ಸಿಗುತ್ತದೆ. ನನ್ನ ಮಟ್ಟಿಗೆ ಇದು ಶಿಕಾರಿಯೂ ಅಲ್ಲ, ಆಟವೂ ಅಲ್ಲ. ಅದಿರಲಿ.

ವಾದ ಕೇಳಲು ಚೆನ್ನಾಗಿದೆ, ತರ್ಕವೂ ಇದೆ. ಆದರೆ ಹೇಂಟೆಯ ದೇಹದಲ್ಲಿ ಒಂದು ಅನುಕೂಲ ಇದೆ. ಒಮ್ಮೆ ಕೂಡಿದರೆ ವೀರ್ಯವನ್ನು ಅದು ವಾರಗಟ್ಟಲೆ ಒಳಗೆ ಕಾದಿಟ್ಟುಕೊಳ್ಳಬಲ್ಲದು. ಮೊದಲ ಗೂಡು ಹಾಳಾದರೂ ಮತ್ತೆ ಹುಂಜನನ್ನು ಹುಡುಕದೆ ಎರಡನೇ ಗೂಡಿಗೆ ಫಲವಾದ ಮೊಟ್ಟೆ ಇಡಬಲ್ಲದು. ಹಾಗಿದ್ದ ಮೇಲೆ ಏಪ್ರಿಲ್‌ನಲ್ಲಿ ಒಂದು ಹುಂಜ ಸತ್ತರೆ ಗೂಡಿಗೆ ನಿಜಕ್ಕೂ ಏನಾಗುತ್ತದೆ? ಇದು ಮಾತಾಡಿ ಬಗೆಹರಿಯುವ ಪ್ರಶ್ನೆಯಲ್ಲ.

ಐದು ಕೌಂಟಿ, ಆರು ವರ್ಷ

2017ರಲ್ಲಿ ಟೆನೆಸಿ ವಿಶ್ವವಿದ್ಯಾಲಯದವರು ಕೆಲಸ ಶುರು ಮಾಡಿದರು. ಡೇವಿಡ್ ಬ್ಯೂಲರ್, ಕ್ರೇಗ್ ಹಾರ್ಪರ್ ಮತ್ತು ಅವರ ವಿದ್ಯಾರ್ಥಿಗಳು ಇದರಲ್ಲಿದ್ದರು. ರಾಜ್ಯದ ವನ್ಯಜೀವಿ ಇಲಾಖೆ ಜೊತೆಗಿತ್ತು. ಮೇಲೆ ಹೇಳಿದ ಮೂರು ಕೌಂಟಿಗಳ ಜೊತೆ ಹತ್ತಿರದ ಮರ್ರಿ, ಬೆಡ್‌ಫರ್ಡ್ ಕೌಂಟಿಗಳನ್ನೂ ಸೇರಿಸಿಕೊಂಡರು.

ಹೇಂಟೆಗಳನ್ನು ಹಿಡಿದು ಬೆನ್ನಿಗೆ ಟ್ರಾನ್ಸ್‌ಮಿಟರ್ ಕಟ್ಟಿ ಬಿಡುತ್ತಿದ್ದರು. ವಸಂತದಲ್ಲಿ ಆ ಹಕ್ಕಿಯ ಗುರುತು ಒಂದೇ ಜಾಗದಲ್ಲಿ ದಿನಗಟ್ಟಲೆ ನಿಂತರೆ ಕಾವಿಗೆ ಕೂತಿದೆ ಎಂದರ್ಥ. ಗೂಡು ಅಂದರೆ ಗೂಡೇನೂ ಅಲ್ಲ. ಪೊದೆಯ ಬುಡದಲ್ಲೋ ಬಿದ್ದ ಕೊಂಬೆಯ ಪಕ್ಕದಲ್ಲೋ ತರಗೆಲೆ ಸರಿಸಿ ಮಾಡಿದ ಒಂದು ತಗ್ಗು. ಅದರಲ್ಲಿ ದಿನಕ್ಕೊಂದರಂತೆ ಹತ್ತು ಹನ್ನೆರಡು ಮೊಟ್ಟೆ. ತಿಳಿ ಕಂದು ಬಣ್ಣ, ಮೇಲೆ ಚುಕ್ಕಿ. ಕೊನೆಯ ಮೊಟ್ಟೆ ಹತ್ತಿರವಾದಾಗ ಕಾವು ಶುರು, ಸುಮಾರು 28 ದಿನ. ಆ 28 ದಿನವೂ ಅಷ್ಟು ದೊಡ್ಡ ಹಕ್ಕಿ ನೆಲದ ಮೇಲೆ ಅಲುಗದೆ ಕೂತಿರಬೇಕು. ಹೇಂಟೆ ಗೂಡು ಬಿಟ್ಟು ಹೋದ ಮೇಲೆ ಸಂಶೋಧಕರು ಹೋಗಿ ಚಿಪ್ಪು ನೋಡುತ್ತಾರೆ. ಮರಿ ಹೊರಬಂದ ಮೊಟ್ಟೆಯಾದರೆ ದಪ್ಪನೆ ತುದಿ ಟೋಪಿಯ ಹಾಗೆ ಸುತ್ತಲೂ ಒಡೆದು ಬಿಚ್ಚಿಕೊಂಡಿರುತ್ತದೆ. ಪ್ರಾಣಿ ತಿಂದಿದ್ದಾದರೆ ಚಿಪ್ಪು ಚೂರು ಚೂರು, ಲೋಳೆ ಅಂಟಿಕೊಂಡಿರುತ್ತದೆ. ಕೆಲವು ಸಲ ಏನೂ ಇರುವುದಿಲ್ಲ. ಹಾವು ಚಿಪ್ಪನ್ನೂ ಬಿಡುವುದಿಲ್ಲ.

ಮೊದಲ ನಾಲ್ಕು ವರ್ಷ ಐದೂ ಕೌಂಟಿಗಳಲ್ಲಿ ಶಿಕಾರಿ ಮಾಮೂಲಿ ದಿನಕ್ಕೆ, ಅಂದರೆ ಏಪ್ರಿಲ್ 1ಕ್ಕೆ ಹತ್ತಿರದ ಶನಿವಾರ ಶುರುವಾಯಿತು. 2021 ಮತ್ತು 2022ರಲ್ಲಿ ಜೈಲ್ಸ್, ಲಾರೆನ್ಸ್, ವೇಯ್ನ್‌ಗಳಲ್ಲಿ ಮಾತ್ರ ಅದನ್ನು ಸುಮಾರು 14 ದಿನ ಮುಂದಕ್ಕೆ ಹಾಕಿದರು. ಮರ್ರಿ, ಬೆಡ್‌ಫರ್ಡ್‌ಗಳಲ್ಲಿ ಹಳೆಯ ತಾರೀಖೇ ಉಳಿಯಿತು. ಇದರಿಂದ ಏನು ಸಿಗುತ್ತದೆ ಗೊತ್ತಾ? ಒಂದು ವರ್ಷ ಮಳೆ ಜಾಸ್ತಿಯಾಗಿ ಮರಿ ಸತ್ತರೆ ಐದೂ ಕಡೆ ಸಾಯುತ್ತವೆ. ತಾರೀಖಿನಿಂದಲೇ ಲಾಭ ಆಗಿದ್ದರೆ ಮೂರು ಕಡೆ ಮಾತ್ರ ಕಾಣಬೇಕು, ಅದೂ 2021ರ ನಂತರ. ವನ್ಯಜೀವಿ ವಿಷಯದಲ್ಲಿ ಇಷ್ಟು ಅಚ್ಚುಕಟ್ಟಾದ ಪರೀಕ್ಷೆ ಅಪರೂಪ. ಶಿಕಾರಿಯ ನಿಯಮ ಮಾಡುವ ರಾಜ್ಯದ ಆಯೋಗ ಸಂಶೋಧನೆಗೋಸ್ಕರ ಕೌಂಟಿಗೊಂದು ತಾರೀಖು ಇಡಲು ಒಪ್ಪಬೇಕು, ಪಕ್ಕದ ಕೌಂಟಿಯವನಿಗೆ ಎರಡು ವಾರ ಮೊದಲೇ ಶಿಕಾರಿ ಸಿಕ್ಕಾಗ ತಡವಾದ ಕೌಂಟಿಯವರ ಬೈಗುಳವನ್ನೂ ತಿನ್ನಬೇಕು.

ಫಲಿತಾಂಶ 2024ರಲ್ಲಿ ಜರ್ನಲ್ ಆಫ್ ವೈಲ್ಡ್‌ಲೈಫ್ ಮ್ಯಾನೇಜ್‌ಮೆಂಟ್‌ನಲ್ಲಿ ಬಂತು. ಎಷ್ಟು ಹೇಂಟೆ ಗೂಡು ಮಾಡಿದವು, ಯಾವಾಗ ಮಾಡಿದವು, ಎಷ್ಟು ಗೂಡು ಉಳಿದವು, ಮೊಟ್ಟೆಗಳಲ್ಲಿ ಎಷ್ಟು ಒಡೆದು ಮರಿಯಾದವು ಅಂತೆಲ್ಲ ನೋಡಿದ್ದರು. 14 ದಿನ ಮುಂದಕ್ಕೆ ಹಾಕಿದ್ದರಿಂದ ಇವ್ಯಾವುದೂ ಸುಧಾರಿಸಲಿಲ್ಲ.

ಉತ್ತರ ಬರುವ ಮೊದಲೇ ತೀರ್ಪು

ಮಜಾ ಏನೆಂದರೆ, ಆಯೋಗ ಇದಕ್ಕೆಲ್ಲ ಕಾಯಲೇ ಇಲ್ಲ. 2021ರಲ್ಲಿ ಒಬ್ಬ ಶಿಕಾರಿಗಾರನಿಗೆ ವಸಂತದ ಮಿತಿ 4 ಹಕ್ಕಿಯಿಂದ 3ಕ್ಕೆ ಇಳಿದಿತ್ತು. 2023ಕ್ಕೆ ಇಡೀ ರಾಜ್ಯದ ಶಿಕಾರಿ ಏಪ್ರಿಲ್ ಮಧ್ಯಕ್ಕೆ ಹೋಯಿತು. ಮಿತಿ 2 ಆಯಿತು. ಅದರಲ್ಲಿ ವರ್ಷದ ಎಳೆ ಹುಂಜ ಒಂದೇ ಇರಬಹುದು ಅಂತ ಸೇರಿಸಿದರು. ಸಂಶೋಧನಾ ಪ್ರಬಂಧ ಅಚ್ಚಾಗುವ ಹೊತ್ತಿಗೆ ಅದು ಪರೀಕ್ಷಿಸಿದ ನಿಯಮ ರಾಜ್ಯಕ್ಕೆಲ್ಲ ಜಾರಿಯಾಗಿ ಒಂದು ವರ್ಷ ಆಗಿತ್ತು.

ಟೆನೆಸಿ ಒಂದೇ ಅಲ್ಲ. 2022ರಲ್ಲಿ ಜಾರ್ಜಿಯಾ ಶಿಕಾರಿಯನ್ನು ಮಾರ್ಚ್‌ನಿಂದ ಏಪ್ರಿಲ್ ಆರಂಭಕ್ಕೆ ತಳ್ಳಿ ಮಿತಿಯನ್ನು 3ರಿಂದ 2ಕ್ಕೆ ಇಳಿಸಿತು. ಅದೇ ವರ್ಷ ಅಲಬಾಮಾ 5ರಿಂದ 4ಕ್ಕೆ ಬಂತು, ಅಲ್ಲೂ ಶುರುವಿನ ದಿನ ಮುಂದೆ ಹೋಯಿತು. ಕಾನ್ಸಾಸ್ 2023ರಲ್ಲಿ ಶರತ್ಕಾಲದ ಶಿಕಾರಿಯನ್ನೇ ನಿಲ್ಲಿಸಿತು.

ಇದನ್ನು ಮೂರ್ಖತನ ಅಂತ ತಳ್ಳಿಹಾಕುವುದು ಸುಲಭ. ನಾನು ಹಾಗೆ ಹೇಳಲ್ಲ. ಆಯೋಗದ ಸದಸ್ಯನ ಜಾಗದಲ್ಲಿ ಕೂತು ನೋಡಿ. ಎದುರಿಗೆ ಲೈಸೆನ್ಸ್‌ಗೆ ದುಡ್ಡು ಕಟ್ಟಿದ ಜನ ಇದ್ದಾರೆ, ಹಕ್ಕಿ ಇಲ್ಲ ಅಂತ ಕೂಗುತ್ತಿದ್ದಾರೆ. ಅವನ ಕೈಯಲ್ಲಿ ಇರುವುದು ಮೂರು ಕೀಲಿ: ತಾರೀಖು, ಮಿತಿ, ಯಾವ ಥರ ಹೊಡೆಯಬಹುದು ಅನ್ನೋ ನಿಯಮ. ಹೊಲ ಅವನದಲ್ಲ. ಈ ಭಾಗದ ನೆಲ ಬಹುಪಾಲು ಖಾಸಗಿಯವರದು. ಯಾರದೋ ಹುಲ್ಲುಗಾವಲಿನಲ್ಲಿ ಯಾವ ಹುಲ್ಲು ಇರಬೇಕು ಅಂತ ಆಯೋಗ ಠರಾವು ಮಾಡಲು ಆಗಲ್ಲ ಅಲ್ವಾ? ತಾರೀಖು ಬದಲಿಸಲು ಒಂದು ಸಭೆ, ಒಂದು ಮತದಾನ ಸಾಕು. ಖರ್ಚೂ ಇಲ್ಲ. ಏನೋ ಮಾಡಿದೆವು ಅನ್ನೋ ಸಮಾಧಾನ ಬೇರೆ.

ಪರೀಕ್ಷೆಗೂ ಅದರದ್ದೇ ಗಡಿ ಇದೆ. ತಡ ಮಾಡಿದ್ದು ಎರಡೇ ವರ್ಷ. ನೋಡಿದ್ದು ಗೂಡು ಮತ್ತು ಮರಿಯ ಲೆಕ್ಕ. ತಡವಾಗಿ ಶುರು ಮಾಡಿದರೆ, ಮಿತಿ ಇಳಿಸಿದರೆ ಇನ್ನಷ್ಟು ಹುಂಜ ಬದುಕಿ ಮುಂದಿನ ವರ್ಷಕ್ಕೆ ದಾಟಬಹುದು. ಆಗ ಕಾಡಿನಲ್ಲಿ ಕೂಗು ಜಾಸ್ತಿ ಕೇಳುತ್ತದೆ, ಶಿಕಾರಿಗಾರನಿಗೆ ಖುಷಿ. ಅದು ಸಣ್ಣ ವಿಷಯವಲ್ಲ, ಶಿಕಾರಿಯ ಗುರಿಯೇ ಅದು. ಆದರೆ ‘ಮರಿ ಜಾಸ್ತಿಯಾಗಲಿ ಅಂತ ತಾರೀಖು ಬದಲಿಸಿದೆವು’ ಅಂದರೆ, ಆ ಕಾರಣಕ್ಕೆ ಈ ಐದು ಕೌಂಟಿಗಳಲ್ಲಿ ಪುರಾವೆ ಸಿಕ್ಕಿಲ್ಲ.

ಫೆಸ್ಕ್ಯೂ ಹುಲ್ಲಿನೊಳಗೆ

ಇನ್ನೊಂದು ಕಡೆಯವರ ಮಾತು ನೆಲದ್ದು. ಅದನ್ನು ಅರ್ಥ ಮಾಡಿಕೊಳ್ಳಲು ಮೊಣಕಾಲೂರಿ ಕೂರಬೇಕು.

ಟೆನೆಸಿಯ ಹುಲ್ಲುಗಾವಲು ರಸ್ತೆಯಿಂದ ನೋಡಿದರೆ ಸೊಗಸು. ಕಣ್ಣು ಹಾಯುವವರೆಗೂ ಹಸಿರು. ಅದರಲ್ಲಿ ಬಹಳಷ್ಟು ಟಾಲ್ ಫೆಸ್ಕ್ಯೂ ಅನ್ನೋ ಯುರೋಪಿನ ಹುಲ್ಲು. ಕೆಂಟಕಿಯ ಒಂದು ಜಮೀನಿನಲ್ಲಿ 1931ರಲ್ಲಿ ಕಣ್ಣಿಗೆ ಬಿದ್ದ ತಳಿಯನ್ನು 1943ರಲ್ಲಿ ‘ಕೆಂಟಕಿ 31’ ಅಂತ ಬಿಡುಗಡೆ ಮಾಡಿದರು. ಬರ ತಡೆಯುತ್ತದೆ, ದನ ತುಳಿದರೂ ಸಾಯಲ್ಲ, ಚಳಿಯಲ್ಲೂ ಹಸಿರಾಗಿರುತ್ತದೆ, ಮಣ್ಣು ಕೊಚ್ಚಿಹೋಗದಂತೆ ಹಿಡಿದಿಡುತ್ತದೆ. ರೈತ ಇದನ್ನು ಯಾಕೆ ಬಿತ್ತಿದ ಅಂತ ಕೇಳುವುದೇ ಬೇಡ. ಅದರೊಳಗೆ ವಾಸಿಸುವ ಒಂದು ಶಿಲೀಂಧ್ರ ಹುಲ್ಲನ್ನು ಗಟ್ಟಿಮುಟ್ಟಾಗಿಸುತ್ತದೆ. ಅದೇ ಶಿಲೀಂಧ್ರದ ವಿಷದಿಂದ ದನಗಳಿಗೆ ಬೇಸಿಗೆಯಲ್ಲಿ ಮೈಬಿಸಿ ಏರಿ ತೊಂದರೆಯಾಗುತ್ತದೆ. ಅದು ಬೇರೆ ಕಥೆ.

ಈಗ ಬುಡ ಬಿಡಿಸಿ ನೋಡಿ. ಹುಲ್ಲು ಒಂದಕ್ಕೊಂದು ಹೆಣೆದುಕೊಂಡು ಚಾಪೆಯಾಗಿದೆ. ಕೆಳಗೆ ಹೋದ ವರ್ಷದ ಒಣಗಿದ ಹುಲ್ಲು, ಅದರ ಮೇಲೆ ಈ ವರ್ಷದ್ದು. ಬೆರಳು ತೂರಿಸಿದರೂ ಬರಿ ಮಣ್ಣು ಸಿಗುವುದಿಲ್ಲ. ಟರ್ಕಿ ಮರಿ ಹುಟ್ಟಿದಾಗ ನಿಮ್ಮ ಅಂಗೈಯಲ್ಲಿ ಕೂರುವಷ್ಟೇ ಇರುತ್ತದೆ. ಹುಟ್ಟಿದ ಮಾರನೇ ದಿನವೇ ತಾಯಿಯ ಹಿಂದೆ ನಡೆಯಬೇಕು. ಈ ಚಾಪೆಯಲ್ಲಿ ಅದಕ್ಕೆ ನಡೆಯಲು ದಾರಿಯೇ ಇಲ್ಲ. ಬೆಳಗಿನ ಇಬ್ಬನಿಯಲ್ಲಿ ಮೈಯೆಲ್ಲ ತೊಯ್ದು ತಣ್ಣಗಾದರೆ ಸಾಯುತ್ತದೆ. ಮೊದಲ ವಾರಗಳಲ್ಲಿ ಅದಕ್ಕೆ ಬೇಕಾದ ಊಟ ಹುಳುಹುಪ್ಪಟೆ. ಮಿಡತೆ, ಜೀರುಂಡೆ, ಜೇಡ. ಹುಳ ಜಾಸ್ತಿ ಸಿಗುವುದು ಅಗಲ ಎಲೆಯ ಗಿಡಗಳಲ್ಲಿ. ಫೆಸ್ಕ್ಯೂ ಅವುಗಳನ್ನು ಬೆಳೆಯಲು ಬಿಡುವುದಿಲ್ಲ.

ಮರಿಗೆ ಬೇಕಾದ ಜಾಗ ನಮಗೆ ಪಾಳು ಬಿದ್ದ ಹೊಲದಂತೆ ಕಾಣುತ್ತದೆ. ಮೊಣಕಾಲಿನಿಂದ ಸೊಂಟದ ಎತ್ತರಕ್ಕೆ ಅಗಲ ಎಲೆಯ ಕಳೆಗಿಡಗಳು ಕೊಡೆಯ ಹಾಗೆ ಹರಡಿರಬೇಕು. ಆಗ ಗಿಡುಗನಿಗೆ ಮರಿ ಕಾಣುವುದಿಲ್ಲ. ಬುಡದಲ್ಲಿ ಬರಿ ನೆಲ ಇರಬೇಕು, ಆಗ ಮರಿ ಓಡಬಹುದು. ತಾಯಿ ತಲೆ ಎತ್ತಿದರೆ ಸುತ್ತ ಕಾಣಬೇಕು. ಮರಿಗಳು ಮರ ಹತ್ತಿ ಕೂರಲು ಸುಮಾರು ಎರಡು ವಾರ ಬೇಕು. ಅಲ್ಲಿಯವರೆಗೆ ರಾತ್ರಿ ನೆಲದ ಮೇಲೆ, ತಾಯಿಯ ರೆಕ್ಕೆಯಡಿ. ಹೆಚ್ಚಿನ ಸಾವು ಆಗುವುದು ಈ ಎರಡು ವಾರದಲ್ಲೇ.

ಕಾಡಿನ ಕಥೆಯೂ ಅಷ್ಟೇ. ಮರಗಳು ಮೇಲೆ ಕೂಡಿಕೊಂಡು ಬಿಸಿಲು ಕೆಳಗೆ ಬೀಳದಿದ್ದರೆ ನೆಲದಲ್ಲಿ ತರಗೆಲೆ ಬಿಟ್ಟು ಏನೂ ಇರುವುದಿಲ್ಲ. ಗೂಡಿಗೆ ಮರೆಯಿಲ್ಲ, ಮರಿಗೆ ಊಟವಿಲ್ಲ. ಹಾರ್ಪರ್ ವರ್ಷಗಟ್ಟಲೆ ಹೇಳುತ್ತಾ ಬಂದಿದ್ದು ಇದನ್ನೇ. ಫೆಸ್ಕ್ಯೂಗೆ ಶರತ್ಕಾಲದಲ್ಲಿ ಕಳೆನಾಶಕ ಹೊಡೆಯಿರಿ. ಆಮೇಲೆ ಏನೂ ಬಿತ್ತಬೇಡಿ, ಮಣ್ಣಿನಲ್ಲಿ ಹುದುಗಿರುವ ಬೀಜಗಳೇ ಮೊಳೆಯುತ್ತವೆ. ಕಾಡಿನಲ್ಲಿ ಕೆಲಸಕ್ಕೆ ಬಾರದ ಮರ ತೆಗೆದು ಬಿಸಿಲು ಬಿಡಿ. ಎರಡು ಮೂರು ವರ್ಷಕ್ಕೊಮ್ಮೆ ಹತೋಟಿಯಲ್ಲಿಟ್ಟು ಸಣ್ಣ ಬೆಂಕಿ ಹಾಕಿ.

ಬೆಂಕಿ ಅಂದಕೂಡಲೇ ನಮ್ಮವರು ಬೆಚ್ಚುತ್ತಾರೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರನ್ನು ಕೇಳಿದರೆ ತರಗು ಬೆಂಕಿಯ ಬಗ್ಗೆ ಹೇಳುತ್ತಾರೆ. ಬೇಸಿಗೆ ಬಲಿಯುವ ಮೊದಲೇ ತರಗೆಲೆಯನ್ನಷ್ಟೇ ಸುಡುವ ಸಣ್ಣ ಬೆಂಕಿ ಅದು. ಟೆನೆಸಿಯಲ್ಲಿ ಅಕ್ಟೋಬರ್ 15ರಿಂದ ಮೇ 15ರವರೆಗೆ ಬೆಂಕಿ ಹಾಕಲು ಅರಣ್ಯ ಇಲಾಖೆಯ ಪರ್ಮಿಟ್ ಬೇಕು, ಅದನ್ನು ಕೊಡುತ್ತಾರೆ ಕೂಡ. ಅಲ್ಲಿನ ಜಮೀನುದಾರನ ಹೆದರಿಕೆ ಪರ್ಮಿಟ್ ಬಗ್ಗೆ ಅಲ್ಲ. ಬೆಂಕಿ ಬೇಲಿ ದಾಟಿ ಪಕ್ಕದವನ ಕೊಟ್ಟಿಗೆಗೆ ಹೋದರೆ ಏನು ಗತಿ ಅನ್ನೋದು.

ಉಳಿದ ಆರೋಪಿಗಳು

ಗೂಡು ಹಾಳಾಗಲು ನೇರ ಕಾರಣ ತಿನ್ನುವ ಪ್ರಾಣಿಗಳು. ಆಗ್ನೇಯ ರಾಜ್ಯಗಳಲ್ಲಿ ಐದು ಗೂಡಿನಲ್ಲಿ ಒಂದರಷ್ಟೇ ಮರಿಯಾಗುವುದು ಸಾಮಾನ್ಯ. ರಕೂನ್, ಒಪೊಸಮ್, ಸ್ಕಂಕ್, ಕಾಗೆ, ಹಾವು ಮೊಟ್ಟೆ ತಿನ್ನುತ್ತವೆ. ಬಾಬ್‌ಕ್ಯಾಟ್, ಕಯೋಟೆ ಹೇಂಟೆಯನ್ನೇ ಹಿಡಿಯುತ್ತವೆ. ತುಪ್ಪಳದ ಬೆಲೆ ಬಿದ್ದ ಮೇಲೆ ರಕೂನ್ ಹಿಡಿಯುವವರು ಕಮ್ಮಿಯಾದರು ಅನ್ನೋದು ನಿಜ. ಬೋನು ಇಟ್ಟು ಹಿಡಿದರೆ ಆ ಜಮೀನಿನಲ್ಲಿ ಗೂಡು ಉಳಿಯಬಹುದು. ಆದರೆ ಪ್ರತಿ ವರ್ಷ, ಗೂಡಿನ ಕಾಲಕ್ಕೆ ಸರಿಯಾಗಿ, ದೊಡ್ಡ ಪ್ರದೇಶದಲ್ಲಿ ಮಾಡುತ್ತಲೇ ಇರಬೇಕು. ಬಿಟ್ಟರೆ ಪಕ್ಕದ ಜಮೀನಿನಿಂದ ಬಂದು ತುಂಬಿಕೊಳ್ಳುತ್ತವೆ.

ಕೋಳಿ ಗೊಬ್ಬರದ ಅನುಮಾನ ಸುಮ್ನೆ ಹುಟ್ಟಿದ್ದಲ್ಲ. ಬ್ಲ್ಯಾಕ್‌ಹೆಡ್ ಅಂತ ಒಂದು ರೋಗವಿದೆ. ಸಾಕು ಕೋಳಿ ಅದನ್ನು ಹೊತ್ತುಕೊಂಡೂ ಚೆನ್ನಾಗಿರುತ್ತದೆ, ಟರ್ಕಿಗೆ ಬಂದರೆ ಸಾಯುತ್ತದೆ. ಅದರ ಸೂಕ್ಷ್ಮಜೀವಿ ಒಂದು ಕರುಳಿನ ಹುಳದ ಮೊಟ್ಟೆಯೊಳಗೆ ಅಡಗಿ ಮಣ್ಣಿನಲ್ಲಿ ವರ್ಷಗಟ್ಟಲೆ ಇರಬಲ್ಲದು. ಆದರೂ ಈ ಸೀಮೆಯ ಇಳಿಕೆಯನ್ನೆಲ್ಲ ಒಂದು ರೋಗದ ತಲೆಗೆ ಕಟ್ಟುವಂಥ ಸಾಕ್ಷಿ ಹೊರಬರಲಿಲ್ಲ.

ಇನ್ನೊಂದು ಮಾತನ್ನು ಶಿಕಾರಿಗಾರರು ಇಷ್ಟಪಡುವುದಿಲ್ಲ. 2000ರ ದಶಕದ ಸಂಖ್ಯೆಯೇ ಹೆಚ್ಚಾಗಿತ್ತೇನೋ. ಖಾಲಿ ಜಾಗಕ್ಕೆ ಹೊಸದಾಗಿ ಬಂದ ಹಕ್ಕಿ ಮೊದಲು ಭರ್ಜರಿಯಾಗಿ ಹೆಚ್ಚುತ್ತದೆ. ಒಳ್ಳೆಯ ಜಾಗ ತುಂಬಿದ ಮೇಲೆ ಉಳಿದ ಹೇಂಟೆಗಳಿಗೆ ಸಿಗುವುದು ಕಳಪೆ ಜಾಗ, ಹೇಂಟೆಗೆ ಬರುವ ಮರಿಯ ಲೆಕ್ಕ ಇಳಿಯುತ್ತದೆ. ಆಗ್ನೇಯ ರಾಜ್ಯಗಳ ಲೆಕ್ಕ ಇಟ್ಟು ಈ ಸಾಧ್ಯತೆಯನ್ನು ತೋರಿಸಿದವರಲ್ಲಿ ಚೇಂಬರ್ಲೇನ್ ಕೂಡ ಒಬ್ಬರು. ಶಿಕಾರಿಯ ಪಕ್ಷ, ನೆಲದ ಪಕ್ಷ ಅಂತ ಎರಡು ಗುಂಪು ಮಾಡಿ ಹೆಸರು ಹಂಚುವವರು ಇದನ್ನು ಗಮನಿಸಬೇಕು. ನೆಲ ಮುಖ್ಯ ಅಲ್ಲ ಅಂತ ಅವರೂ ಹೇಳಿಲ್ಲ.

ಕಾನೂನು ಒಂದೇ ಸಾಲದು ಅನ್ನೋದಕ್ಕೆ ನಮ್ಮಲ್ಲಿ ಎರೆಭೂತ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಅನ್ನೋ ದೊಡ್ಡ ಬಯಲುಹಕ್ಕಿಯ ಉದಾಹರಣೆ ಇದೆ. 1972ರ ವನ್ಯಜೀವಿ ಕಾಯ್ದೆ ಅದನ್ನು ಹೊಡೆಯುವುದನ್ನು ಪೂರ್ತಿ ನಿಷೇಧಿಸಿತು. ರಾಣೆಬೆನ್ನೂರಿನಲ್ಲಿ 1974ರಲ್ಲಿ ಕೃಷ್ಣಮೃಗ ಅಭಯಾರಣ್ಯವೂ ಆಯಿತು, ಅಲ್ಲಿ ಎರೆಭೂತವೂ ಇತ್ತು. ಆದರೆ ಆ ಬಯಲಿನ ಬಹುಭಾಗಕ್ಕೆ ನೀಲಗಿರಿ ಮರ ನೆಟ್ಟಿದ್ದರು. ಬಯಲಿನ ಹಕ್ಕಿ ನೀಲಗಿರಿ ತೋಪಿನಲ್ಲಿ ಎಲ್ಲಿ ಇರುತ್ತದೆ? ಅಲ್ಲಿಂದ ಅದು ಮರೆಯಾಯಿತು. ಈಗ ರಾಜ್ಯದಲ್ಲಿ ಅದರ ಹೆಸರು ಕೇಳುವುದು ಬಳ್ಳಾರಿಯ ಸಿರುಗುಪ್ಪ ಕಡೆ ಮಾತ್ರ, ಅದೂ ಬೆರಳೆಣಿಕೆಯಷ್ಟು. ಟರ್ಕಿಗೂ ಎರೆಭೂತಕ್ಕೂ ಹೋಲಿಕೆ ಇಲ್ಲಿಗೇ ಮುಗಿಯುತ್ತದೆ. ಎರೆಭೂತ ವರ್ಷಕ್ಕೆ ಸಾಮಾನ್ಯವಾಗಿ ಇಡುವುದು ಒಂದೇ ಮೊಟ್ಟೆ, ಟರ್ಕಿಗೆ ಚೇತರಿಸಿಕೊಳ್ಳುವ ಶಕ್ತಿ ಅದಕ್ಕಿಂತ ಎಷ್ಟೋ ಪಾಲು ಜಾಸ್ತಿ.

ನೆಲದ ಕಡೆಯವರಿಗೂ ಒಂದು ಪ್ರಶ್ನೆ

ಇಲ್ಲಿಯವರೆಗೆ ಓದಿದವರಿಗೆ ನಾನು ನೆಲದ ಪರ ಅನ್ನಿಸಿರಬಹುದು. ಹೌದು. ಆದರೆ ಈ ಕಡೆಯವರಿಗೂ ಒಂದು ಮಾತು ಕೇಳಲೇಬೇಕು. ತಾರೀಖಿನ ವಾದವನ್ನು ಐದು ಕೌಂಟಿಗಳಲ್ಲಿ, ಮೊದಲು–ನಂತರ ಹೋಲಿಸಿ, ಹತ್ತಿರದ ಕೌಂಟಿಗಳನ್ನು ಹಾಗೇ ಉಳಿಸಿಕೊಂಡು ಪರೀಕ್ಷಿಸಿದರು. ಫೆಸ್ಕ್ಯೂ ಕೊಂದು ಬೆಂಕಿ ಹಾಕಿದರೆ ಕೌಂಟಿಗೆ ಕೌಂಟಿಯೇ ಮರಿ ಹೆಚ್ಚುತ್ತದೆ ಅನ್ನೋದಕ್ಕೆ ಅದೇ ಗಾತ್ರದ ಪರೀಕ್ಷೆ ಬೇಡವೇ? ಒಂದು ಹೊಲದಲ್ಲಿ ಮರಿ ಹೆಚ್ಚು ಕಂಡರೆ ಸಾಲದು. ಪಕ್ಕದ ಹೇಂಟೆಗಳೆಲ್ಲ ಅಲ್ಲಿಗೇ ಬಂದು ಸೇರಿರಬಹುದು.

ಅಂಥ ಪರೀಕ್ಷೆ ಹೇಗಿರಬೇಕು ಅಂತ ಯೋಚಿಸಿದರೆ ಯಾಕೆ ಕಷ್ಟ ಅನ್ನೋದೂ ಗೊತ್ತಾಗುತ್ತದೆ. ಹತ್ತಿರದ ಎರಡು ಸೀಮೆ ಆರಿಸಬೇಕು. ಒಂದರಲ್ಲಿ ಅಕ್ಕಪಕ್ಕದ ಜಮೀನುದಾರರು ಬೇಕಾದಷ್ಟು ಜನ ಒಪ್ಪಿ ಫೆಸ್ಕ್ಯೂ ತೆಗೆಯಬೇಕು, ಕಾಡು ತೆಳುಗೊಳಿಸಬೇಕು, ಸರದಿಯಂತೆ ಬೆಂಕಿ ಹಾಕಬೇಕು. ಇನ್ನೊಂದು ಇದ್ದ ಹಾಗೇ ಇರಬೇಕು. ಎರಡೂ ಕಡೆ ಹೇಂಟೆಗಳಿಗೆ ಟ್ರಾನ್ಸ್‌ಮಿಟರ್ ಕಟ್ಟಿ ನೋಡಬೇಕು. ಹುಲ್ಲು ಬದಲಾಗಿ ನೆಲೆಯೂರಲು ಎರಡು ಮೂರು ವರ್ಷ ಬೇಕು, ಆಮೇಲೆ ಅಳೆಯಲು ಇನ್ನಷ್ಟು ವರ್ಷ. ಅಮೆರಿಕದ ಕೇಂದ್ರ ಕೃಷಿ ಇಲಾಖೆಯ ಈಕ್ವಿಪ್ ಅನ್ನೋ ನೆರವಿನ ಯೋಜನೆಯಲ್ಲಿ ಇಂಥ ಕೆಲಸಕ್ಕೆ ಖರ್ಚಿನ ಒಂದು ಪಾಲು ಸಿಗುತ್ತದೆ. ಅದು ಕಳೆನಾಶಕಕ್ಕೆ, ಬೆಂಕಿ ಹಾಕುವ ಕೂಲಿಗೆ ನೆರವಾಗುತ್ತದೆ. ಆದರೆ ಆ ಹೊಲದಿಂದ ಮೇ ತಿಂಗಳಲ್ಲಿ ಬರುತ್ತಿದ್ದ ಒಣಹುಲ್ಲು ಆ ವರ್ಷ ಬರುವುದಿಲ್ಲ. ಚಳಿಗಾಲಕ್ಕೆ ದನಕ್ಕೆ ಏನು ಹಾಕಲಿ ಅಂತ ಜೈಲ್ಸ್ ಕೌಂಟಿಯ ರೈತ ಕೇಳುತ್ತಾನೆ. ಒಣಹುಲ್ಲಿನ ದುಡ್ಡು ಕಟ್ಟಿಕೊಡುವವರು ಸಿಗದೆ ಈ ಪರೀಕ್ಷೆ ಶುರುವಾಗುವುದಿಲ್ಲ.